ಕೆಂಪು ಕರು

ಮೇ 8

ಬ್ಯಾಗ್ ಕಟ್ಟಿದ್ದಾಯಿತು. ಡೆಲ್ಮರ್ ರಬ್ಬರ್ ಬೂಟನ್ನೂ ತುರುಕಿದ್ದಾನೆ.

"ಅದ್ಯಾಕೋ?"

"ನೀರಿರೋ ಜಾಗ ಅಲ್ವೇನೇ."

"ಕುದಿಯೋ ನೀರು ಕಣೋ ಮುದುಕಾ. ಬೂಟಿನ ಜೊತೆ ಕಾಲೂ ಬೇಯತ್ತೆ."

ಮದುವೆಯಾದ ವರ್ಷದಿಂದ ಹೇಳುತ್ತಲೇ ಇದ್ದಾನೆ, ಯೆಲ್ಲೋಸ್ಟೋನ್ ಅಭಯಾರಣ್ಯಕ್ಕೆ ಕರ್ಕೊಂಡು ಹೋಗ್ತೀನಿ, ಬಿಸಿನೀರಿನ ಚಿಲುಮೆ ತೋರಿಸ್ತೀನಿ ಅಂತ. ಮೂರು ಗಂಟೆ ದಾರಿ, ಅಷ್ಟೇ. ಆದರೆ ವಸಂತ ಬಂದರೆ ಹಸುಗಳು ಈಯಬೇಕು, ಬೇಸಿಗೆಯಲ್ಲಿ ಹುಲ್ಲು ಕುಯ್ಯಬೇಕು, ಚಳಿಗಾಲದಲ್ಲಿ ಮೇವು ಹಾಕಬೇಕು... ಮಾರ್ಚ್‌ನಲ್ಲಿ ದನವೆಲ್ಲ ಮಾರಿದೆವು. ಅವನ ಸೊಂಟ, ನನ್ನ ಬೆರಳು, ಎರಡೂ ಕೈಕೊಟ್ಟವು. ಈಗಲೂ ಬೆಳಗಾಗುವ ಮೊದಲೇ ಎದ್ದು ಖಾಲಿ ಕೊಟ್ಟಿಗೆಗೆ ಹೋಗಿ ನಿಲ್ಲುತ್ತಾನೆ.

ಮೇ 9, ಸಂಜೆ, ಮೋಟೆಲ್

ಬೈಸನ್ ಕಾಡುಕೋಣಗಳ ಹಿಂಡು ರಸ್ತೆ ತುಂಬ. ಕಾರುಗಳು ಸಾಲಾಗಿ ನಿಂತವು.

"ಬೇಲಿನೇ ಇಲ್ಲ ನೋಡು. ರೋಗದ ಮೂಟೆಗಳು," ಅಂದ. ಕಿಟಕಿ ಇಳಿಸಿ ನೋಡಿ — "ಕರುಗಳು ಮಾತ್ರ ಚೆನ್ನಾಗಿವೆ ಕಣೇ. ಆ ಬಣ್ಣ ನೋಡು." ಇಟ್ಟಿಗೆ ಕೆಂಪು. ಹುಟ್ಟಿ ವಾರವೂ ಆಗಿರಲಿಕ್ಕಿಲ್ಲ.

ಬಿಸಿನೀರಿನ ಕೊಳಗಳ ಹತ್ತಿರ ಹಲಗೆ ದಾರಿಯಲ್ಲಿ ನಡೆದೆವು. ನೀಲಿ ನೀರು, ಹಬೆ, ಗಂಧಕದ ನಾತ. "ಕೆಟ್ಟ ಮೊಟ್ಟೆ!" ಅಂದ ಡೆಲ್ಮರ್. "ನೀನು ಮದುವೆಯಾದ ಹೊಸದರಲ್ಲಿ ಮಾಡ್ತಿದ್ದ ತಿಂಡಿ ಜ್ಞಾಪಕ ಬಂತು." ನಕ್ಕು ನಕ್ಕು ಕಣ್ಣಲ್ಲಿ ನೀರು. ನಾಳೆ ದೊಡ್ಡ ಚಿಲುಮೆ.

ಮೇ 10, ಮಧ್ಯಾಹ್ನ, ಕಾರಿನಲ್ಲಿ

ಆಗಿದ್ದನ್ನೆಲ್ಲ ಈಗಲೇ ಬರೆದಿಡುತ್ತೇನೆ.

ನದಿ ಪಕ್ಕ ಕಾರು ನಿಲ್ಲಿಸಿದ್ದೆವು. ಹಿಂಡು ಹೊಳೆ ದಾಟುತ್ತಿತ್ತು. ಹಿಮ ಕರಗಿದ ನೀರು, ಭಾರೀ ಸೆಳೆತ. ಒಂದು ಕರು ಹಿಂದೆ ಉಳಿಯಿತು. ದಡ ಹತ್ತಲು ನೋಡುತ್ತಿತ್ತು, ಜಾರುತ್ತಿತ್ತು. ಮತ್ತೆ ಹತ್ತುತ್ತಿತ್ತು, ಮತ್ತೆ ಜಾರುತ್ತಿತ್ತು. ನಾನು ಕಾಫಿ ಬಗ್ಗಿಸುತ್ತಿದ್ದೆ. ತಲೆ ಎತ್ತಿದರೆ ಡೆಲ್ಮರ್ ಪಕ್ಕದಲ್ಲಿಲ್ಲ. ಬೂಟು ಹಾಕಿಕೊಂಡು ನೀರಿಗಿಳಿದಿದ್ದಾನೆ!

ಹೊಟ್ಟೆ ಕೆಳಗೊಂದು ಕೈ, ಹಿಂಗಾಲಿಗೊಂದು ಕೈ. ಎತ್ತಿ ದಡಕ್ಕೆ ಹಾಕಿದ. ಜೀವಮಾನವೆಲ್ಲ ಮಾಡಿದ ಕೆಲಸ, ಯೋಚಿಸಲೇ ಇಲ್ಲ. ತನ್ನ ಜಾಕೆಟ್ಟಿನಿಂದಲೇ ಮೈ ಒರೆಸಿದ. ಪ್ರವಾಸಿಗಳು ಚಪ್ಪಾಳೆ ಹೊಡೆದರು. ಅವನ ಮುಖದಲ್ಲಿ ಅಂಥ ನಗು ಮಾರ್ಚ್‌ನಿಂದ ನೋಡಿರಲಿಲ್ಲ. ನನಗೂ ಹೆಮ್ಮೆ ಆಯಿತು, ಸುಳ್ಳೇಕೆ.

ಕರು ಓಡಿಹೋಗಿ ತಾಯಿಯನ್ನು ಸೇರಿತು. ತಾಯಿ ಮೂಸಿದಳು. ತಲೆಯಿಂದ ದೂಡಿದಳು. ಮತ್ತೆ ಹೋಯಿತು, ಮತ್ತೆ ದೂಡಿದಳು. ಹಿಂಡು ಕಾಡಿನೊಳಗೆ ಹೊರಟುಹೋಯಿತು. ಕರು ತಿರುಗಿ ಬಂದು ಡೆಲ್ಮರ್ ಕಾಲಿಗೆ ಒರಗಿ ನಿಂತಿತು.

ರೇಂಜರ್ ಹುಡುಗಿ ಬಂದಳು. ಕ್ಯಾರಿನ್ ಅಂತ.

"ತಾತಾ, ಮುಟ್ಟಿದ್ರಾ?"

"ಮುಟ್ದೆ. ಮುಳುಗಿ ಸಾಯ್ಲಿ ಅಂತ ಬಿಡ್ಬೇಕಿತ್ತಾ?"

"ಹೌದು. ಇಲ್ಲಿ ಬಿಡ್ಲೇಬೇಕು. ಮನುಷ್ಯರು ಮುಟ್ಟಿದ್ದನ್ನ ಹಿಂಡು ಸೇರಿಸಲ್ಲ."

ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಮೇ 11

ಚಿಲುಮೆಗೆ ಹೋಗಲಿಲ್ಲ. ದಿನವಿಡೀ ಅದೇ ರಸ್ತೆಯಲ್ಲಿ. ರೇಂಜರ್‌ಗಳು ಕರುವನ್ನು ಮತ್ತೆ ಮತ್ತೆ ಹಿಂಡಿನ ಕಡೆ ಅಟ್ಟಿದರು. ಹಿಂಡು ಸೇರಿಸಲಿಲ್ಲ. ಅದು ಕಾರುಗಳ ಹತ್ತಿರ ಬಂದು ಬಂಪರಿಗೆ ಮೂತಿ ಗುದ್ದುತ್ತದೆ, ಕೆಚ್ಚಲು ಹುಡುಕುವ ಹಾಗೆ. ಮಕ್ಕಳು ಫೋಟೋ ತೆಗೆಯುತ್ತಾರೆ.

ಡೆಲ್ಮರ್ ಕ್ಯಾರಿನ್ ಮುಂದೆ ಟೋಪಿ ತೆಗೆದು ನಿಂತ. "ನನಗೆ ಕೊಡಮ್ಮಾ. ಬಾಟ್ಲಿ ಹಾಲು ಹಾಕಿ ಸಾಕ್ತೀನಿ. ತಬ್ಬಲಿ ಕರು ಎಷ್ಟು ಸಾಕಿಲ್ಲ ನಾನು. ಕೊಟ್ಟಿಗೆ ಖಾಲಿ ಬಿದ್ದಿದೆ."

"ಹಾಗೆಲ್ಲ ಹೊರಗೆ ಸಾಗಿಸೋ ಹಾಗಿಲ್ಲ ತಾತಾ. ದನಗಳಿಗೆ ರೋಗ ಹರಡತ್ತೆ ಅಂತ ದನ ಸಾಕೋರೇ ಹಟ ಹಿಡಿದು ಮಾಡಿಸಿದ್ದು ಆ ನಿಯಮ."

ಅವನು ಟೋಪಿ ಮತ್ತೆ ತಲೆಗಿಟ್ಟುಕೊಂಡ. ಊರಿನ ಸಭೆಯಲ್ಲಿ ಅದಕ್ಕೆ ಕೈ ಎತ್ತಿದವರಲ್ಲಿ ಅವನೂ ಒಬ್ಬ. ಕ್ಯಾರಿನ್‌ಗೆ ಅದು ಗೊತ್ತಿಲ್ಲ. ಅವನಿಗೆ ಗೊತ್ತು.

ಮೇ 12

ಮುಗಿಯಿತು.

ಕ್ಯಾರಿನ್ ತಾನೇ ಮೋಟೆಲಿಗೆ ಬಂದು ಹೇಳಿದಳು. ಕಣ್ಣು ಕೆಂಪಾಗಿತ್ತು. "ರಸ್ತೆ ಬಿಟ್ಟು ಹೋಗ್ತಾನೇ ಇರ್ಲಿಲ್ಲ. ಹಾಲಿಲ್ಲದೆ ಸೋತುಹೋಗಿತ್ತು... ಬೇರೆ ದಾರಿ ಇರ್ಲಿಲ್ಲ."

"ಗುಂಡು ಎಲ್ಲಿಗೆ ಹೊಡೆದ್ರಿ?"

ಅವಳು ತನ್ನ ಹಣೆ ಮುಟ್ಟಿ ತೋರಿಸಿದಳು.

"ಸರಿಯಾದ ಜಾಗ. ನೋವಾಗಿರಲ್ಲ," ಅಂದ. ಅವಳಿಗೇ ಸಮಾಧಾನ ಹೇಳಿದ! ಬಾಗಿಲು ಹಾಕಿ ಬಂದು ಹಾಸಿಗೆ ಮೇಲೆ ಕೂತ.

"ನಾನು ಸುಮ್ನಿದ್ದಿದ್ರೆ ಅದೇ ಹತ್ತಿಬಿಡ್ತಿತ್ತೇನೋ ಮಾರ್ಲಿಸ್."

ಮುಳುಗುತ್ತಿತ್ತೋ, ಹತ್ತುತ್ತಿತ್ತೋ. ಯಾರಿಗೂ ಗೊತ್ತಾಗುವುದಿಲ್ಲ ಇನ್ನು. ನನಗೆ ಎಲ್ಲರ ಮೇಲೂ ಸಿಟ್ಟು. ನಿಯಮದ ಮೇಲೆ, ಆ ಹಾಳು ತಾಯಿಯ ಮೇಲೆ, ಚಪ್ಪಾಳೆ ಹೊಡೆದವರ ಮೇಲೆ. ಅವನ ಮೇಲೆ ಮಾತ್ರ ಸಿಟ್ಟು ಬರಲೊಲ್ಲದು.

ಹೊರಡುವಾಗ ನಾನೇ ಹಟ ಮಾಡಿ ಕಾರನ್ನು ಚಿಲುಮೆಯ ಕಡೆ ಓಡಿಸಿದೆ. ಅಷ್ಟು ವರ್ಷದ ಮಾತಲ್ಲವೇ. ಬೆಂಚಿನ ಮೇಲೆ ಕೂತೆವು. ನೀರು ಎದ್ದಿತು, ಮುಗಿಲಿಗೆ. ಜನ ಕೂಗಿದರು. ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು. ಅವನು ತಲೆ ಎತ್ತಲೇ ಇಲ್ಲ.

ಮೇ 15

ಮನೆ. ಬೆಳಗಿನ ಜಾವ ಏಳುವುದಿಲ್ಲ ಈಗ. ಕಣ್ಣು ಬಿಟ್ಟುಕೊಂಡು ಮಲಗಿರುತ್ತಾನೆ.

ಮೇ 30

ಏನೂ ಬರೆಯಲು ಮನಸ್ಸಾಗಿರಲಿಲ್ಲ. ಇವತ್ತು ಬರೆಯಬೇಕು.

ಊಟದ ಹೊತ್ತಿಗೆ ಪಕ್ಕದ ದನದ ರ‍್ಯಾಂಚಿನ ಹಾಲ್ವರ್ ಫೋನ್ ಮಾಡಿದ. "ಮಾರ್ಲಿಸ್, ಡೆಲ್ಮರ್‌ನ ಕಳ್ಸು ಬೇಗ. ಚೊಚ್ಚಲ ಹಸು, ಕರು ಉಲ್ಟಾ ಬರ್ತಿದೆ. ಡಾಕ್ಟ್ರು ಬರೋ ಹೊತ್ಗೆ ಎರಡೂ ಹೋಗತ್ತೆ. ಅವನ ಕೈ ಬೇಕು."

ಈ ಕಣಿವೆಯಲ್ಲಿ ಇಂಥದ್ದಕ್ಕೆ ಕರೆದಾಗ ಡೆಲ್ಮರ್ ಹೋಗದೇ ಇದ್ದದ್ದೇ ಇಲ್ಲ. ಜ್ವರದಲ್ಲೂ ಹೋಗಿದ್ದಾನೆ.

ಫೋನಿಗೆ ಕೈ ಅಡ್ಡ ಹಿಡಿದೆ. "ಕೇಳಿಸ್ತಾ?"

"ಇಲ್ಲ ಅನ್ನು."

"ಡೆಲ್ಮರ್, ಕರು ಸಾಯತ್ತೆ ಕಣೋ."

"ನಾನು ಮುಟ್ಟಲ್ಲ."

ಎರಡೂ ಕೈಯನ್ನು ಮೇಜಿನ ಕೆಳಗೆ ಸೇರಿಸಿಕೊಂಡ. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ. ಫೋನಿನೊಳಗೆ ಹಸು ಕೂಗುವುದು ಕೇಳಿಸುತ್ತಿತ್ತು.

"ಮಾರ್ಲಿಸ್? ಇದೀಯಾ? ಹೊರಟನಾ ಅವನು?"

ಕೈ ತೆಗೆದೆ. ಹಾಲ್ವರ್, ಅಂದೆ, ನಮ್ಮ ಡೆಲ್ಮರ್ ಇನ್ನು ಮೇಲೆ ಯಾವ ಕರುವನ್ನೂ ಮುಟ್ಟಲ್ಲ.