ತೆಪ್ಪಮಾತಿನ ಖಾಲಿ ಪುಟ

೨೧೯೧ನೇ ಇಸವಿ, ಫೆಬ್ರವರಿ ಮೂವತ್ತು

ಹುಲಿಗೆಮ್ಮಜ್ಜಿಗೆ, ನಿಮ್ಮ ಆರನೇ ತಲೆಮಾರಿನ ದುರುಗೇಶ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಜನ್ಮಕ್ಕೆ ಒಂದೇ ಬರೆಯಲು ಅಪ್ಪಣೆ. ಎಲ್ಲರೂ ತೀರಿಹೋದವರ ಕ್ಷೇಮ ಕೇಳಿ ಬರೆಯುತ್ತಾರೆ. ನಾನು ತಪ್ಪೊಪ್ಪಿಕೊಳ್ಳಲು ಬರೆಯುತ್ತಿದ್ದೇನೆ.

ಹರಿಗೋಲು ಹಾಕುವ ನಮ್ಮ ಮಂದಿ ಆಡುತ್ತಿದ್ದ ತೆಪ್ಪಮಾತನ್ನು ನಿಮ್ಮ ಕಾಲದ ವಿಕಿ ವಿಶ್ವಕೋಶದ ಭಾಷೆಗಳ ಪಟ್ಟಿಗೆ ಸೇರಿಸಲು ನೀವೊಬ್ಬರೇ ಕೂತು ಅದರ ಪರದೆಯ ಮೇಲಿನ ಐನೂರ ಹನ್ನೆರಡು ಸೂಚನೆಗಳನ್ನು ಅನುವಾದಿಸಿದಿರಿ: ತೆರೆ, ತಿದ್ದು, ಉಳಿಸು, ಅಳಿಸು, ಹುಡುಕು. ಈಗ ಹೊಳೆ ಕೊಳವೆಯೊಳಗೆ ಹರಿಯುತ್ತದೆ, ಹರಿಗೋಲು ಗೋಡೆಯ ಮೇಲಿನ ಅಲಂಕಾರ. ಆದರೆ ನಿಮ್ಮ ಐನೂರ ಹನ್ನೆರಡನ್ನು ನಮ್ಮ ಮಕ್ಕಳು ಭಾನುವಾರದ ನುಡಿಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಮದುವೆಯಲ್ಲಿ ಅಕ್ಷತೆ ಹಾಕುವಾಗ 'ಬದಲಾವಣೆಗಳನ್ನು ಉಳಿಸಲಾಗಿದೆ' ಎಂದು ತೆಪ್ಪಮಾತಿನಲ್ಲೇ ಹರಸುತ್ತೇವೆ. ನಗಬೇಡಿ ಅಜ್ಜಿ. ಅದಕ್ಕಿಂತ ಹೆಚ್ಚು ನಮಗೆ ಬರುವುದಿಲ್ಲ.

ಬರುತ್ತಿದ್ದವರು ಒಬ್ಬರಿದ್ದರು, ನನ್ನ ಸೋದರತ್ತೆ ಗಾಳೆಮ್ಮ. ನಾನಾಗ ಇಪ್ಪತ್ತೆರಡರ ನುಡಿಮೇಷ್ಟ್ರು, ಮೈತುಂಬ ಜಂಬ. ಅತ್ತೆ ಅಡುಗೆಮನೆಯಿಂದ ಏನಾದರೂ ಕೂಗಿದರೆ ನಾನು ನಿಮ್ಮ ಪಟ್ಟಿ ತೆಗೆದು ತಾಳೆ ನೋಡುತ್ತಿದ್ದೆ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ತಪ್ಪು ಎಂದು ನೆಂಟರೆದುರೇ ತಿದ್ದುತ್ತಿದ್ದೆ. ಒಂದು ದಿನ ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ನನ್ನ ಮಾತು ತಪ್ಪು ಅಂದಮ್ಯಾಗ ಅದ್ಯಾಕ ಬೇಕಪಾ? ಇನ್ನ ಕನ್ನಡಾನ ಆಡ್ತೀನಿ ಬಿಡು" ಎಂದರು. ಹನ್ನೊಂದು ವರ್ಷ ಹಾಗೆಯೇ ನಡೆದುಕೊಂಡರು. ಕೊನೆಯ ಜ್ವರದಲ್ಲೂ ನೀರು ಕೇಳಿದ್ದು ಕನ್ನಡದಲ್ಲೇ. ಅವರ ಒಂದು ಮಾತನ್ನೂ ನಾನು ಬರೆದಿಟ್ಟುಕೊಂಡಿರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ನಿನ್ನೆ ಹೊಸ ಮಹಾವಿಕಿಗೆ ಭಾಷೆ ಸೇರಿಸುವ ಪರೀಕ್ಷೆ ಇತ್ತು. ಈಗ ಅನುವಾದದ ಪಟ್ಟಿಯೊಂದೇ ಸಾಲದು, ಬಾಯಿಸಾಕ್ಷಿ ಬೇಕು: ಆಡುವವರೊಬ್ಬರು ಎದುರು ಕೂತು ಮಾತಾಡಬೇಕು. ಇಲ್ಲದಿದ್ದರೆ ಭಾಷೆಯ ಹೆಸರನ್ನೇ ತೆಗೆದುಹಾಕುತ್ತಾರೆ. ಬೆಳಿಗ್ಗೆ ಏನು ತಿಂದಿರಿ, ನಿಮ್ಮ ಮಾತಿನಲ್ಲಿ ಹೇಳಿ ಎಂದರು ಪರೀಕ್ಷಕರು. ತಿನ್ನುವುದಕ್ಕೆ ನಮ್ಮಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಆದರೂ ನಗುನಗುತ್ತ, ಕೈ ಆಡಿಸುತ್ತ, ರಾಗವಾಗಿ ನಿಮ್ಮ ಪಟ್ಟಿಯ ಸೂಚನೆಯೊಂದನ್ನೇ ತೆಪ್ಪಮಾತಿನಲ್ಲಿ ಹೇಳಿಬಿಟ್ಟೆ: ನೀವು ಹುಡುಕಿದ ಪುಟ ಇಲ್ಲಿಲ್ಲ, ಬೇರೆ ಹೆಸರಿನಲ್ಲಿ ಹುಡುಕಿ. ಅವರಿಗೇನು ತಿಳಿಯಬೇಕು? ತಲೆದೂಗಿ ಒಪ್ಪಿಗೆ ಕೊಟ್ಟರು. ಹಿಂದೆ ಕೂತಿದ್ದ ನನ್ನ ಶಾಲೆಯ ಮಕ್ಕಳಿಗೆ ಮಾತ್ರ ಅರ್ಥವಾಗಿತ್ತು. ಒಬ್ಬರೂ ನಗಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ನಾನು ಅವರ ಮುಖ ನೋಡಲಾರದೆ ಅಲ್ಲಿನ ಹಿಂಬಾಗಿಲಿಂದ ಹೊರಬಿದ್ದು ಮನೆಗೆ ಬಂದೆ.

ಅಜ್ಜಿ, ಸೂಚನೆಗಳೆಲ್ಲ ಮುಗಿದ ದಿನ ನೀವು ತೆಪ್ಪಮಾತಿನಲ್ಲಿ ಒಂದೇ ಒಂದು ಪುಟ ತೆರೆದು, ಏನೂ ಬರೆಯದೆ ಉಳಿಸಿದಿರಿ. ಸುಸ್ತಾಗಿತ್ತೇನೋ. ಆ ಖಾಲಿ ಪುಟ ಇವತ್ತಿಗೂ ಇದೆ. ಈ ಓಲೆ ಸಿಕ್ಕರೆ ದಯವಿಟ್ಟು ಅದರಲ್ಲಿ ನಿಮ್ಮ ಮಗನನ್ನು ಊಟಕ್ಕೆ ಹೇಗೆ ಕರೆಯುತ್ತೀರೋ ಹಾಗೆಯೇ ಬರೆದಿಡಿ. ಬೈದು ಕರೆಯುವುದಾದರೆ ಆ ಬೈಗುಳವೂ ಇರಲಿ. ನಾಳೆ ಭಾನುವಾರ. ಮೊದಲು ಮಕ್ಕಳ ಎದುರು ನನ್ನ ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ, ಆಮೇಲೆ ಆ ಪುಟ ತೆರೆಯುತ್ತೇನೆ. ಅಲ್ಲಿ ಏನಿದ್ದರೂ ನಾನು ತಿದ್ದುವುದಿಲ್ಲ.