ನೆಂಟರಿರುವ ಊರಿನಲ್ಲಿ ಲಾಡ್ಜು

ಅತ್ತೆ,

ಮೊದಲ ಬಸ್ಸಿಗೆ ಹೊರಟಿದ್ದೇನೆ. ನಿಮಗೆ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ.

ಇಡಗುಂದಿ ಭಾವ ಹೇಳಿಟ್ಟ ಜೀಪು ಬೇಡವೆಂದು ತಿಳಿಸಿಬಿಡಿ. ಕೆಂಪು ಬಸ್ಸು ಸಾಕು. ದೋಸೆ ಕಟ್ಟಿಕೊಂಡಿದ್ದೇನೆ, ಹೋಟೆಲಿನ ಖರ್ಚಿಲ್ಲ. ಸಂದರ್ಶನಕ್ಕೆ ಹಳೆಯ ನೀಲಿ ಸೀರೆಯೇ ಆದೀತು.

ಆದರೆ ಧಾರವಾಡದಲ್ಲಿ ನಿಮ್ಮ ತಂಗಿಯ ಮನೆಗೆ ಹೋಗುವುದಿಲ್ಲ. ನಾನು ಓದುವಾಗ ಅಪ್ಪಯ್ಯ ಇಳಿದುಕೊಳ್ಳುತ್ತಿದ್ದ ಲಾಡ್ಜಿನಲ್ಲಿ ಉಳಿಯುತ್ತೇನೆ. ನೆಂಟರಿರುವ ಊರಿನಲ್ಲಿ ಬಾಡಿಗೆ ಕೊಟ್ಟು ಮಲಗಿದವರು ಈ ಮನೆಯಲ್ಲಿ ಯಾರೂ ಇಲ್ಲ, ಗೊತ್ತು. “ದುಡ್ಡು ಎಂತಕ್ಕೆ ದಂಡ?” ಎಂದು ನೀವು ನನ್ನನ್ನು ಕೇಳಿದ್ದೂ ಸರಿಯೇ.

ನಿಮ್ಮ ತಂಗಿ ಒಳ್ಳೆಯವರು. ಆದರೆ ಅನ್ನ ಬಡಿಸುತ್ತಲೇ, “ಹ್ಯಾಂಗಾತೆ? ಮಾಣಿ ಕಡೀಗೆ ಎಂತಾದ್ರೂ ಹೇಳಿದ್ನಾ?” ಎನ್ನುತ್ತಾರೆ. ಪಕ್ಕದ ಮನೆಯವರೂ ಬಂದು ಕೂರುತ್ತಾರೆ. ನಿಮ್ಮ ಮಗ ತೀರಿಕೊಂಡದ್ದನ್ನು ಮತ್ತೆ ಮೊದಲಿನಿಂದ ಹೇಳಬೇಕು. ಆಮೇಲೆ ಬೆಳಿಗ್ಗೆ ಕಾಲೇಜಿನವರ ಮುಂದೆ ನನಗೆ ಮಾತೇ ಹೊರಡಲಿಕ್ಕಿಲ್ಲ. ಈ ಕೆಲಸ ನಮಗೆ ಬೇಕು.

ಅವರ ಫೋನು ಬಂದರೆ ನಾನೇ ಹಟ ಮಾಡಿದೆ ಎನ್ನಿ. ನಿಮ್ಮ ಮೇಲೆ ಬೇಸರ ಬರುವುದು ಬೇಡ.

ಸಮೃದ್ಧಿಯ ಕೆಮ್ಮಿನ ಔಷಧಿ ಕಿಟಕಿಯ ಹತ್ತಿರ ಇದೆ, ಮಲಗುವ ಮುಂಚೆ ಕೊಡಿ, ಅಮ್ಮ ನಾಳೆ ಬರುತ್ತಾಳೆ ಎನ್ನಿ. ನೀವೂ ಊಟ ಬಿಡಬೇಡಿ.

ಒಂದು ರಾತ್ರಿ, ನಾನು ಯಾರೆಂದು ಯಾರಿಗೂ ಗೊತ್ತಿಲ್ಲದ ಕಡೆ ಮಲಗಿ ಬರುತ್ತೇನೆ.

ಪರಿಮಳಾ