ಕೆಸರಿನ ಸದ್ದು

ಫೆಬ್ರವರಿ 9, ಸೋಮವಾರ

ಮತ್ತೆ ಗುಳ್ಳೆ. ಟ್ಯಾಂಕರ್ ನೀರು ಪರೀಕ್ಷೆಯ ತೊಟ್ಟಿಗೆ ಬಿದ್ದದ್ದೇ ತಡ, ಶ್ರೀಹರಿ ಸರ್ "ಶುರು ಮಾಡಮ್ಮ" ಎಂದರು. ನೀರು ಒಂದು ರಾತ್ರಿ ಸುಮ್ಮನಿರಬೇಕು, ಇಲ್ಲದಿದ್ದರೆ ಯಂತ್ರ ಗುಳ್ಳೆಯನ್ನೇ ಕೆಸರೆಂದು ಓದುತ್ತದೆ ಎಂದು ಎಷ್ಟು ಸಲ ಹೇಳುವುದು? ಅದು ಮಾಡುವುದು ಇಷ್ಟೇ — ನೀರೊಳಗೆ ಸದ್ದು ಬಿಡುತ್ತದೆ, ತೇಲುವ ಕಣಗಳಿಗೆ ಬಡಿದು ವಾಪಸ್ ಬಂದದ್ದನ್ನು ಕೇಳುತ್ತದೆ, ಲೀಟರಿಗೆ ಇಷ್ಟು ಕೆಸರು ಎನ್ನುತ್ತದೆ. ಕಂಪನಿಯ ಮಾಲೀಕರಿಗೆ ಇಷ್ಟಾದರೂ ಗೊತ್ತಿರಬೇಕು. ಕಡಲಿಲ್ಲದ ಮಹದೇವಪುರದ ಶೆಡ್ಡಿನಲ್ಲಿ ಕೂತು ಸಮುದ್ರ ಅಳೆಯುವ ಕರ್ಮ ನಮ್ಮದು.

ಕರಾವಳಿಯಿಂದ ಗೆಳತಿ ಮಾರಿಯಾ ಕಳಿಸಿದ ಬಕೆಟ್ ಬಂತು. ಅಲ್ಲಿ ಬಂದರಿನಲ್ಲಿ ಹೂಳೆತ್ತುತ್ತಿದ್ದಾರೆ. ಯಂತ್ರ ಇಳಿಯುವ ಜಾಗದ್ದೇ ಕೆಸರು. ಕ್ಯಾಲಿಬ್ರೇಷನ್, ಅಂದರೆ ಯಂತ್ರಕ್ಕೆ ಅಳತೆ ಕಲಿಸುವುದು, ಇದರಿಂದಲೇ ಆಗಬೇಕು. ಮುಚ್ಚಳ ತೆಗೆಯಲಿಲ್ಲ, ತೆಗೆಯದೆಯೇ ಶೆಡ್ಡೆಲ್ಲ ನಾತ. ಗಂಟಲು ಬೇರೆ ಕೆರೆಯುತ್ತಿದೆ.

ಫೆಬ್ರವರಿ 13, ಶುಕ್ರವಾರ

ಜ್ವರ ಬಿಟ್ಟಿತು. ರಾಮಮೂರ್ತಿ ನಗರದಿಂದ ಹೊರಟು ಟಿನ್ ಫ್ಯಾಕ್ಟರಿಯ ಟ್ರಾಫಿಕ್ ದಾಟುವಷ್ಟರಲ್ಲಿ ಮತ್ತೆ ಬರುವಂತಾಯಿತು. ಆಫೀಸಿಗೆ ಬಂದರೆ ಮೇಜಿನ ಮೇಲೆ ಬಕೆಟ್ಟಿನ ಕೆಸರಿನ ಮಾದರಿ ಸಿದ್ಧ — ಒಣಗಿಸಿ, ಡಬ್ಬಿಗೆ ತುಂಬಿ, ಲೇಬಲ್ ಹಚ್ಚಿ. ರವೆಯಂತೆ ಉದುರುದುರು. ಸದ್ಯ, ಇಲ್ಲಿ ಒಂದು ಕೆಲಸವಾದರೂ ಹೇಳದೆ ಆಗಿದೆ.

ಫೆಬ್ರವರಿ 17

ಗ್ರಾಫ್ ಸ್ಕೇಲಿಟ್ಟು ಎಳೆದಂತೆ ಬಂದಿದೆ. ಇಷ್ಟು ಚೆಂದ ಎಂದೂ ಬಂದಿಲ್ಲ. ಯಂತ್ರ ಸರಿಯಿದೆ ಎಂಬ ಸರ್ಟಿಫಿಕೇಟಿಗೆ ಸಹಿ ಹಾಕಿ ಬಂದರಿಗೆ ರವಾನಿಸಿದೆ. ಸರ್ ಎಲ್ಲರಿಗೂ ಪಫ್ಸ್ ತರಿಸಿದರು. ತಣ್ಣಗಿತ್ತು.

ಮಾರ್ಚ್ 5

ಬೆಳಗ್ಗೆ ಬೆಳಗ್ಗೆಯೇ ಮಾರಿಯಾ ಫೋನ್ ಮಾಡಿ ತಲೆ ತಿಂದಳು. ಫ್ರೇಜರ್ ಟೌನ್ ಹುಡುಗಿ, ಕಾಲೇಜಿನಿಂದ ಸ್ನೇಹ. ಈಗ ಬಂದರಿನ ನೀರಿನ ನಿಗಾ ಅವಳದು. ಯಂತ್ರದ ಸಂಖ್ಯೆ ಮಿತಿ ದಾಟಿದರೆ ಹೂಳೆತ್ತುವ ಹಡಗನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಕೆಸರು ಕೂತು ಅಳಿವೆಯ ಚಿಪ್ಪುಮೀನುಗಳು ಉಸಿರುಕಟ್ಟಿ ಸಾಯುತ್ತವೆ, ಅವನ್ನು ಆಯ್ದು ಬದುಕುವವರ ಹೊಟ್ಟೆಯ ಮೇಲೆ ಹೊಡೆದಂತೆ.

"ನಂಬರ್ ಏಳ್ತಾನೇ ಇಲ್ಲ ಕಣೇ ವಿಭಾ. ಹಡಗು ಒಂದ್ಸಲಾನೂ ನಿಂತಿಲ್ಲ. ನೀರು ನೋಡಿದ್ರೆ ಟೀ ತರ ಇದೆ."

"ಸೆನ್ಸರ್ ಮೇಲೆ ಪಾಚಿ ಕಟ್ಟಿರುತ್ತೆ. ಒರೆಸಿದ್ಯಾ?"

"ದಿನಾ ಒರೆಸ್ತಿದೀನಿ."

"ಹಾಗಾದ್ರೆ ನಿಮ್ಮವರ ಫಿಟ್ಟಿಂಗ್ ಸರಿ ಇಲ್ಲ. ಮೆಷಿನ್‌ದೇನೂ ತಪ್ಪಿಲ್ಲ."

ಕಟ್ ಮಾಡಿದೆ. ಫೀಲ್ಡಿನವರೆಲ್ಲ ಹೀಗೆಯೇ. ಸ್ಕ್ರೂ ತಿರುಗಿಸಲು ಬಾರದೆ ಯಂತ್ರದ ಮೇಲೆ ಗೂಬೆ ಕೂರಿಸುತ್ತಾರೆ.

ಮಾರ್ಚ್ 9

ಅವಳ ಬಾಯಿ ಮುಚ್ಚಿಸಲೆಂದೇ ಇನ್ನೊಮ್ಮೆ ಪರೀಕ್ಷೆಗೆ ಹೊರಟೆ. ಡಬ್ಬಿ ಖಾಲಿ. ಬಕೆಟ್ಟಿನಲ್ಲಿ ಉಳಿದದ್ದು ಎಲ್ಲಿ ಎಂದು ಹೌಸ್‌ಕೀಪಿಂಗ್ ಗಂಗಾಳನ್ನು ಕೇಳಿದೆ.

"ಅಷ್ಟೇ ಮೇಡಂ ಉಳಿದಿದ್ದು. ನೀವು ರಜಾದಲ್ಲಿದ್ರಲ್ಲ, ಅವತ್ತು ಯಾರೋ ಕ್ಲೈಂಟ್ ಬರೋರಿದ್ರು. ಗಬ್ಬು ನಾತ, ಚೆನ್ನಾಗಿ ತೊಳೆದಿಡು ಅಂದ್ರು ಸರ್. ಕಪ್ಪು ನೀರು ಹೋಗೋ ತನಕ ತೊಳೆದು ಬಿಸಿಲಿಗೆ ಹಾಕ್ದೆ."

ಕಪ್ಪು ನೀರು. ಅದೇ ಕೆಸರು. ನನಗೆ ಬೇಕಿದ್ದದ್ದೇ ಅದು. ಅದು ಮೋರಿ ಸೇರಿತು, ತಳದ ಮರಳು ನನ್ನ ಮೇಜಿಗೆ ಬಂತು. ಕಣ್ಣಾರೆ ನೋಡಿಯೂ ನನಗೆ ಹೊಳೆಯಲಿಲ್ಲ. ಮರಳಿನಿಂದ ಸದ್ದು ಜೋರಾಗಿ ತಿರುಗಿ ಬರುತ್ತದೆ, ನುಣ್ಣನೆಯ ಕೆಸರಿನಿಂದ ಪಿಸುಮಾತಿನಷ್ಟು. ಮರಳು ಕೇಳಿ ಕಲಿತ ಯಂತ್ರಕ್ಕೆ ಅಲ್ಲಿನ ಕೆಸರು ಇದ್ದೂ ಇಲ್ಲದಂತೆ.

ಸರ್ ಎಲ್ಲ ಕೇಳಿಸಿಕೊಂಡು ಕುರ್ಚಿ ಆ ಕಡೆ ತಿರುಗಿಸಿದರು.

"ಮುಂದಿನ ಸರ್ವೀಸಲ್ಲಿ ಸರಿ ಮಾಡೋಣ. ಈಗ ಬಾಯಿಬಿಟ್ರೆ ಕಂಪನಿಗೆ ಬೀಗ ಹಾಕ್ಬೇಕಾಗುತ್ತೆ."

"ಅಲ್ಲೀವರೆಗೆ, ಸರ್?"

"ಸಮುದ್ರ ಎಲ್ಲೂ ಓಡಿಹೋಗಲ್ಲ ಬಿಡಮ್ಮ."

ತೊಳೆಯಲು ಹೇಳಿದವರು ಅವರು. ಸಹಿ ನನ್ನದು. ಮೈಯೆಲ್ಲ ಉರಿಯುತ್ತಿದೆ — ಅವರ ಮೇಲೋ, ನನ್ನ ಮೇಲೋ, ಆ ಹಾಳು ಗ್ರಾಫಿನ ಮೇಲೋ.

ಮಾರ್ಚ್ 10, ಬೆಳಗ್ಗೆ

ನಾನೇ ಫೋನ್ ಮಾಡಿದೆ. ಬಾಯಿ ತೆರೆಯುವ ಮೊದಲೇ ಮಾರಿಯಾ ಶುರು ಮಾಡಿದಳು.

"ಸಾರಿ ಕಣೇ, ಸುಮ್ನೆ ನಿನ್ ಮೇಲೆ ರೇಗಾಡ್ದೆ. ನಿನ್ನೆ ಚಿಪ್ಪು ಆಯೋ ಹೆಂಗಸ್ರು ಬಂದಿದ್ರು. ಬುಟ್ಟಿ ತುಂಬ ಸತ್ತ ಚಿಪ್ಪು. ಕೆಸರಿಂದಲ್ಲ ಕಣ್ರಮ್ಮ, ಬಿಸಿಲಿಗೆ ಇರ್ಬೇಕು ಅಂದೆ. ನಂಬ್ಲಿಲ್ಲ. ನಿನ್ ಸರ್ಟಿಫಿಕೇಟ್ ತೋರ್ಸಿದೆ. ನನ್ ಫ್ರೆಂಡ್ ಸೈನ್ ಇದೆ, ಮೆಷಿನ್ ಸುಳ್ಳು ಹೇಳಲ್ಲ ಅಂತ ಹೇಳಿ ಕಳಿಸ್ದೆ."

ಹೇಳಿದೆ. ಬಕೆಟ್, ಮರಳು, ಮೋರಿ, ಎಲ್ಲ. ಮಾರಿಯಾ ಕೇಳಿದ್ದು ಇಷ್ಟೇ.

"ಬರೆದು ಕಳ್ಸು. ಬರವಣಿಗೇಲಿ ಇಲ್ದೆ ಹಡಗು ನಿಲ್ಲಲ್ಲ."

ಅದೇ ದಿನ, ಸಂಜೆ

ಬರೆದೆ. 'ನಾನು ಸಹಿ ಮಾಡಿದ ಪ್ರಮಾಣಪತ್ರ ತಪ್ಪಾಗಿದೆ, ಹಿಂಪಡೆಯುತ್ತಿದ್ದೇನೆ.' ಕೆಳಗೆ ಹೆಸರು, ಹುದ್ದೆ. ಹುದ್ದೆ ನಾಳೆ ಇರುತ್ತದೋ ಇಲ್ಲವೋ. ಮಾರಿಯಾಗೆ ಕಳಿಸಿದೆ, ಸರ್‌ಗೂ ಒಂದು ಪ್ರತಿ. ಸರ್ ಫೋನ್ ಬಂತು, ನಾನು ಎತ್ತಲಿಲ್ಲ. ಮತ್ತೆ. ಮತ್ತೆ. ತಮ್ಮ ಕೋಣೆಯ ಗಾಜಿನಾಚೆ ಎದ್ದು ನಿಂತಿದ್ದಾರೆ.

ಮಾರಿಯಾಳ ಮೆಸೇಜು ಬಂತು. ಹಡಗು ನಿಂತಿದೆ. ಆ ಹೆಂಗಸರ ಮನೆ ಕಡೆ ಹೊರಟಿದ್ದಾಳೆ. ಏನು ಹೇಳಲಿ ಎಂದು ಕೇಳಿದ್ದಾಳೆ.

ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಮಾಡಿದೆ. ಅವರಿಗೆ ಹೇಳು, ಅವರು ಕಂಡದ್ದೇ ನಿಜ.